ಶೀನಪ್ಪಣ್ಣನ ಬೈಗುಳ

ಅಬುಧಾಬಿಯ ಮುಸಫ್ಫಾದ ವೆಲ್ಡಿಂಗ್ ಶೆಡ್ಡಿಗೆ ಸೈರನ್ನೇ ಬೇಡ, ಫೋರ್‌ಮನ್ ಶೀನಪ್ಪಣ್ಣನ ಗಂಟಲು ಸಾಕು! ಯಾರ ಮಾಸ್ಕ್ ಗದ್ದಕ್ಕೆ ಜಾರಿದ್ರೂ ಆ ತುದಿಯಿಂದಲೇ "ಯಲ್ಲಾ, ಬೇಗ ಮೂಗು ಮುಚ್ಚು!" ಅಂತಾರೆ, ಗಡ್ಡ ಬಿಟ್ಟವರಿಗೆ ಮಾಸ್ಕ್ ಸರಿ ಕೂರೋದಿಲ್ಲ ಅಂತ ಕಿಸೆಯಲ್ಲೇ ರೇಜರ್ ಇಟ್ಕೊಂಡು ತಿರುಗ್ತಾರೆ. ವೆಲ್ಡರ್ ತಿಲಕ್ ಒಮ್ಮೆ, "ಹಾಲು ಕುಡಿದ್ರೆ ಹೊಗೆಯೆಲ್ಲ ತೊಳೆದು ಹೋಗ್ತದಲ್ವಾ ಅಣ್ಣ?" ಅಂದುಬಿಟ್ಟ. "ಹಾಲು ಹೋಗುದು ಹೊಟ್ಟೆಗೆ ಮಾರಾಯ, ಹೊಗೆ ಹೋಗುದು ಶ್ವಾಸಕೋಶಕ್ಕೆ! ಇಪ್ಪತ್ತು ವರ್ಷ ನಾನೂ ಹಾಲನ್ನೇ ನಂಬಿ ವೆಲ್ಡಿಂಗ್ ಮಾಡಿದವ..." ಅಂತ ಶುರು ಮಾಡಿದವರು, ಅರ್ಧಕ್ಕೇ ಏದುಸಿರು ಬಂದು ಸ್ಟೂಲಿನಲ್ಲಿ ಕೂತ್ರು. ಈಗಲೂ ಹಾಗೇ, ಬೈತಾ ಬೈತಾ ಏದುಸಿರು ಬಂದ್ರೆ ಕೂತು, ಉಸಿರು ಬಂದ ಮೇಲೆ ಬಿಟ್ಟಲ್ಲಿಂದಲೇ ಬೈತಾರೆ. ಅಲ್ಲಿವರೆಗೆ ತಿಲಕ್ ಮಾಸ್ಕ್ ಬಿಗಿ ಮಾಡ್ಕೊಂಡು ಪಕ್ಕದಲ್ಲೇ ಕಾಯ್ತಾನೆ. ಪೂರ್ತಿ ಬೈಸಿಕೊಳ್ಳದೆ ಹೋಗೋಕೆ ಅವನಿಗೆ ಮನಸ್ಸೇ ಬರೋದಿಲ್ಲ.