ಹಸುವಿನ ಕಿಡ್ನಿಯಲ್ಲಿ ಕಾಣೆಯಾದ ಔಷಧ

"ಏನವಾ, ಔಷಧ ಹಾಕೂದನ್ನ ಮರತೀ ಏನು!"

ಮೊನ್ನೆ ಮಂಗಳವಾರ ಮಧ್ಯಾಹ್ನ, ಈ ಪರದೇಶದ ಲೋವರ್ ಹಟ್ ಊರಿನ ನಮ್ಮ ಲ್ಯಾಬಿನ ಟೀ ರೂಮಿನಲ್ಲಿ ಎಲ್ಲರೆದುರು ಹೀಗೆ ಗುಡುಗಿದೆ. ಕಂಪನಿ ನಾಟಕ ನೋಡುತ್ತ ಬೆಳೆದ ಗಂಟಲು ನನ್ನದು. ಕನ್ನಡ ಬಾರದ ಕಿವಿಗಳಿಗೂ ಅರ್ಥವಾಗಿಹೋಯಿತು!

ಬೈಸಿಕೊಂಡವಳು ಶ್ವೇತಾ. ಮೈಸೂರಿನವಳು, ಇದೇ ದೇಶದ ಡನೀಡಿನ್ ಊರಿನಲ್ಲಿ ಓದಿ ಬಂದು ನನ್ನ ಕೈಕೆಳಗೆ ತರಬೇತಿಯಲ್ಲಿದ್ದಾಳೆ. ಈ ಟೆಸ್ಟ್ ಸರಿಯಾಗಿ ಮಾಡಿದಳೆಂದು ನಾನು ಸಹಿ ಹಾಕಿದರೆ ಮಾತ್ರ ಅವಳ ಕೆಲಸ ಕಾಯಂ.

ಮಾಂಸದಲ್ಲಿ ಔಷಧ ಉಳಿದಿದೆಯೇ ಎಂದು ಪತ್ತೆಹಚ್ಚುವ ಲ್ಯಾಬ್ ನಮ್ಮದು. ಟೆಸ್ಟ್ ಇಷ್ಟೇ... ಹಸುವಿನ ಕಿಡ್ನಿಯನ್ನು ನುಣ್ಣಗೆ ಅರೆದು, ಕೆಚ್ಚಲು ಬಾವು ರೋಗಕ್ಕೆ ಕೊಡುವ ಆಂಟಿಬಯಾಟಿಕ್ ಅನ್ನು ಅಳೆದು ಬೆರೆಸಬೇಕು. ಆಮೇಲೆ ಮೆಷಿನ್‌ಗೆ ಅಷ್ಟೇ ಸಿಗುತ್ತದೆಯೇ ನೋಡಬೇಕು.

ಸಿಕ್ಕಿದ್ದು ಹೆಚ್ಚುಕಡಿಮೆ ಸೊನ್ನೆ!

"ಹಾಕಿದ್ದೆ ಅಂಕಲ್," ಎಂದಳು. ಅಷ್ಟೇ.

ಮರುದಿನ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಮತ್ತೆ ಮಾಡುತ್ತಾಳೆ. ಅದೇ ಕಿಡ್ನಿ, ಎರಡು ಟ್ಯೂಬ್. ಎರಡಕ್ಕೂ ಔಷಧ ಬೀಳುವುದನ್ನು ಈ ಕಣ್ಣುಗಳೇ ನೋಡುತ್ತವೆ. ಒಂದು ಟ್ಯೂಬ್ ಕೂಡಲೇ ಐಸ್‌ಗೆ. ಇನ್ನೊಂದು ಮೇಜಿನ ಮೇಲೆ.

"ಇದ್ಯಾಕವಾ ಹೊರಗ?"

"ನಿನ್ನೆ ಇಲ್ಲೇ ಇತ್ತಲ್ವಾ ಅಂಕಲ್? ಮಾರ್ನಿಂಗ್ ಟೀಗೆ ಐದೇ ನಿಮಿಷ, ಕಥೆ ಹೇಳ್ತೀನಿ ಬಾ ಅಂತ ಎಬ್ಬಿಸಿಕೊಂಡು ಹೋದ್ರಿ. ನಿಮ್ಮ ಕಥೆಯ ರಾಜ ಸಾಯೋಕೇ ಮುಕ್ಕಾಲು ಗಂಟೆ ಹಿಡೀತು."

ಮುಕ್ಕಾಲು ಗಂಟೆ ಕಾದೆವು. ಆಮೇಲೆ ಎರಡನ್ನೂ ಮೆಷಿನ್‌ಗೆ ಕೊಟ್ಟೆವು.

ಐಸ್‌ನಲ್ಲಿದ್ದ ಟ್ಯೂಬಿನಲ್ಲಿ ಔಷಧ ಹಾಕಿದಷ್ಟೂ ಇತ್ತು. ಮೇಜಿನ ಮೇಲಿದ್ದದ್ದರಲ್ಲಿ ಅದರ ಹೆಸರೇ ಇಲ್ಲ... ಹುಡುಕಿದಾಗ ಸಿಕ್ಕಿದ್ದು, ಅದು ಮುರಿದು ಆದ ಬೇರೊಂದು ವಸ್ತು.

ಹಸು ಸತ್ತಿದ್ದರೂ ಅದರ ಕಿಡ್ನಿಯ ಎನ್‌ಜೈಮ್‌ಗಳು ಕೆಲಸ ನಿಲ್ಲಿಸಿರಲಿಲ್ಲ; ಐಸ್‌ನಲ್ಲಷ್ಟೇ ಅವು ಸುಮ್ಮನಿರುತ್ತವೆ. ನಾನು ಅಲ್ಲಿ ರಾಜನನ್ನು ಕೊಲ್ಲುತ್ತಿದ್ದಾಗ ಅವು ಇಲ್ಲಿ ಔಷಧವನ್ನು ಒಡೆಯುತ್ತಿದ್ದವು. ಇದು ಗೊತ್ತಿರಬೇಕಾದವನು ನಾನು. ಅವಳಿಗೆ ಕಲಿಸಬೇಕಾದವನೂ ನಾನೇ.

ಸಹಿ ಹಾಕಿದೆ. ಅವಳಿಗಷ್ಟೇ ಕೇಳುವಂತೆ, "ತಪ್ಪು ನಂದವಾ," ಎಂದೆ.

ಅವಳು ಗ್ಲೌಸ್ ಬಿಚ್ಚುತ್ತ ಕೇಳಿದಳು: "ಬೈದಿದ್ದು ಟೀ ರೂಮಲ್ಲಿ ಅಲ್ವಾ ಅಂಕಲ್?"

ಹೋದೆ. ಎಲ್ಲರೂ ಕೂತಿದ್ದರು. ಶ್ವೇತಾ ಸರಿಯಾಗಿಯೇ ಮಾಡಿದ್ದಳು, ಸ್ಯಾಂಪಲ್ ಕೆಡಿಸಿದವನು ನಾನು ಎಂದು ಇಂಗ್ಲಿಷಿನಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಿದೆ. ಆಮೇಲೆ ಯಾರೋ ಬಿಸ್ಕತ್ತಿನ ಡಬ್ಬಿಯನ್ನು ಅವಳತ್ತ ಸರಿಸಿದರು.

ನೀವು ಎಲ್ಲರೆದುರು ಬೈದು, ಎಲ್ಲರೆದುರೇ ತಪ್ಪೊಪ್ಪಿಕೊಂಡದ್ದು ಎಷ್ಟು ಸಲ, ನೆನಪಿದೆಯೇ?