ಮುಳ್ಳು ಒಂದು ಸಲ ಏರಿದರೆ

ನನ್ನ ಭಾಮೈದನಿಗೆ ತನ್ನ ಕಾರಿನ ಬಾನೆಟ್ಟಿನ ಕೆಳಗೆ ಏನಿದೆಯೆಂದು ಗೊತ್ತಿಲ್ಲ. ಗಾಲ್ಫ್ ಚೀಲ ಇಡುವ ಜಾಗ ಎಂದುಕೊಂಡಿದ್ದಾನೆ. ಇಂಥವನು ಸ್ಯಾನ್ ಹೊಸೆಯ ನಮ್ಮ ಮನೆಯ ಮುಂದೆ ನಿಂತು, ನನ್ನ ಹೆಂಡತಿ ಕೊಟ್ಟ ಕಾಫಿ ಹೀರುತ್ತಾ, ಕಾರಿನಡಿ ಮಲಗಿದ್ದ ನನಗೆ ಉಪದೇಶ ಮಾಡಿದ: "ಭಾವ, ಯಾಕೆ ಇಷ್ಟೊಂದ್ ಒದ್ದಾಡ್ತೀರಾ? ನಂದು ಎಲೆಕ್ಟ್ರಿಕ್ಕು. ರೇಡಿಯೇಟರ್ ತಲೆನೋವೇ ಇಲ್ಲ." ಅವನ ಕಾರಿನಲ್ಲೂ ರೇಡಿಯೇಟರ್ ಇದೆ. ಹೇಳಲಿಲ್ಲ. ಹೇಳಿದರೆ ಫೋನ್ ತೆಗೆದು ಹುಡುಕಲು ಶುರುಮಾಡುತ್ತಾನೆ.

ವಿಷಯ ಇಷ್ಟೇ. ಮಗಳನ್ನು ಸ್ಯಾನ್ ಡಿಯೇಗೋದ ಕಾಲೇಜಿಗೆ ಬಿಡಬೇಕಿತ್ತು. ಅವಳಿಗಿಂತ ನಾಲ್ಕು ವರ್ಷ ದೊಡ್ಡದಾದ ನಮ್ಮ ಕಾರಿನಲ್ಲೇ ಬಿಡಬೇಕೆಂಬುದು ನನ್ನ ಹಟ. ಹುಟ್ಟಿದ ಮೂರನೇ ದಿನ ಆಸ್ಪತ್ರೆಯಿಂದ ಅವಳನ್ನು ಮನೆಗೆ ತಂದದ್ದು ಅದರಲ್ಲಿ. ಎಂಟು ಗಂಟೆ ನನ್ನ ಪಕ್ಕದಲ್ಲಿ ಕೂತಿರುತ್ತಾಳೆ, ಮತ್ತೆ ಯಾವಾಗಲೋ ಎಂಬ ಆಸೆ. ಆದರೆ ಏರು ಬಂದರೆ ಸಾಕು, ಇಂಜಿನ್ ಕಾದುಹೋಗುತ್ತಿತ್ತು. ಆಗಸ್ಟ್ ಬಿಸಿಲಿನಲ್ಲಿ ದಾರಿಬದಿ ನಿಂತು ಬೇಯಲು ಹೆಂಡತಿ ತಯಾರಿರಲಿಲ್ಲ. ಮೊದಲು ಬೆಟ್ಟದ ರಸ್ತೆಯಲ್ಲಿ ಓಡಿಸಿ ನೋಡುವುದು, ಬಿಸಿ ತೋರಿಸುವ ಮುಳ್ಳು ಒಂದು ಸಲ ಮಧ್ಯ ದಾಟಿದರೂ ತನ್ನ ತಮ್ಮನ ಕಾರು ಎಂದು ಷರತ್ತು ಹಾಕಿದಳು. ಒಪ್ಪಿದೆ. ಸೋಲುವ ಯೋಚನೆಯೇ ನನಗಿರಲಿಲ್ಲ.

ಎರಡು ಶನಿವಾರ ದುಡಿದೆ. ತುಕ್ಕಿನ ಬಣ್ಣಕ್ಕೆ ತಿರುಗಿದ್ದ, ಇಂಜಿನ್ ತಣಿಸುವ ಕೂಲೆಂಟ್ ಇಳಿಸಿ, ಒಳಗೆಲ್ಲ ಮೂರು ಸಲ ತೊಳೆದು, ಹೊಸದು ತುಂಬಿ, ಗಾಳಿಯ ಗುಳ್ಳೆ ಹೋಗುವವರೆಗೆ ಕಾದೆ. ಪೈಪುಗಳು, ಥರ್ಮೋಸ್ಟ್ಯಾಟು, ಮುಚ್ಚಳ ಎಲ್ಲ ಬದಲಾಯಿಸಿದೆ. ನಮ್ಮ ಬೀದಿಯಲ್ಲಿ ಮನೆಗೊಬ್ಬ ಇಂಜಿನಿಯರು. ಸ್ಪ್ಯಾನರ್ ಹಿಡಿದವನು ನಾನೊಬ್ಬನೇ. ವಾಕಿಂಗ್ ಹೊರಟವರು ಕೆಲಸ ಕಳೆದುಕೊಂಡವನನ್ನು ನೋಡುವಂತೆ ನೋಡಿ ಮುಂದೆ ಹೋದರು. ಆಯುಧಪೂಜೆಯ ದಿನ ಮಾತ್ರ ಈ ಮಹಾನುಭಾವರೆಲ್ಲ ಚಕ್ರಕ್ಕೆ ನಿಂಬೆಹಣ್ಣಿಟ್ಟು ಬಾನೆಟ್ಟಿಗೆ ಕುಂಕುಮ ಹಚ್ಚುತ್ತಾರೆ. ಅದನ್ನು ಎತ್ತಿ ಒಳಗೆ ಇಣುಕುವವರಿಲ್ಲ. ನಮ್ಮ ಮನೆಯಲ್ಲೂ ಹೆಂಡತಿ ಕಾರಿನ ಮೂತಿಗೆ ದಪ್ಪನೆಯ ಚೆಂಡುಹೂವಿನ ಹಾರ ಕಟ್ಟುತ್ತಾಳೆ. ಅದನ್ನು ಬಿಚ್ಚುವ ಗೋಜಿಗೆ ನಾನು ಹೋದವನಲ್ಲ. ಫ್ರೀವೇ ಹತ್ತಿದರೆ ಗಾಳಿಗೆ ತಾನೇ ಉದುರಿ ಹೋಗುತ್ತಿತ್ತು.

ಭಾನುವಾರ ಮೂವರೂ ಸ್ಯಾಂಟಾ ಕ್ರೂಜ್ ಬೆಟ್ಟ ಹತ್ತಿದೆವು. ಅರ್ಧ ಏರಿಗೇ ಮುಳ್ಳು ಮಧ್ಯ ದಾಟಿತು. ಇಂಜಿನ್ನಿನ ಬಿಸಿಯನ್ನು ನಮ್ಮ ಕಡೆಗೆ ಎಳೆಯಲೆಂದು ಏಸಿ ಆರಿಸಿ ಹೀಟರ್ ಹಾಕಿದೆ. ಮುಳ್ಳು ಇಳಿಯಿತು, ಮೂವರಿಗೂ ಬೆವರು ಕಿತ್ತು ಬಂತು. ಮಗಳು ಕಿಟಕಿ ಇಳಿಸಿ, "ಇಟ್ಸ್ ಓಕೆ, ಅಪ್ಪಾ" ಎಂದಳು. ಆ ಓಕೆ ನನಗೆ ಬೇಕಿರಲಿಲ್ಲ.

ಮನೆಗೆ ಬಂದು, ಇಂಜಿನ್ ಆರಿದ ಮೇಲೆ, ಪಾರ್ಟ್ಸ್ ಮಾರಿದವನ ವಂಶವನ್ನೆಲ್ಲ ಬೈಯುತ್ತಾ ರೇಡಿಯೇಟರನ್ನು ಸಡಿಲಿಸಿದೆ. ಅದರ ಮುಂದೆ ಏಸಿಯದೊಂದು ಜಾಲರಿ ಇರುತ್ತದೆ, ನಡುವೆ ಬೆರಳು ತೂರುವಷ್ಟು ಸಂದಿ. ಆ ಸಂದಿಯಲ್ಲಿ ಒಣಗಿದ ಚೆಂಡುಹೂವಿನ ಎಸಳು, ದಾರ, ಮತ್ತೆ ಎಸಳು. ಗಾಳಿ ನುಸುಳಲು ಜಾಗವೇ ಇಲ್ಲದಂತೆ ವರ್ಷವರ್ಷದ ಹಾರಗಳು ಒತ್ತಿ ಕೂತಿದ್ದವು. ಹೆಂಡತಿ ಬಗ್ಗಿ ನೋಡಿದಳು.

"ಫ್ರೀವೇಗೆ ಹೋಗೋ ಮುಂಚೆ ಬಿಚ್ಚಿ ಅಂತ ಪ್ರತಿ ವರ್ಷ ಹೇಳ್ತಿದ್ನಲ್ರೀ."

ಹೇಳುತ್ತಿದ್ದಳು. ಕಸವನ್ನೆಲ್ಲ ಕಿತ್ತೆಸೆದು, ಈಗ ಸರಿಹೋಯಿತಲ್ಲ ಎಂದು ವಾದಿಸಿದೆ. ಅಷ್ಟರಲ್ಲಿ ಅವಳು ತಮ್ಮನಿಗೆ ಫೋನ್ ಮಾಡಿಯಾಗಿತ್ತು.

ಹೊರಟ ದಿನ ತಾಯಿ ಮಗಳು ಭಾಮೈದನ ಕಾರಿನಲ್ಲಿ ಕೂತರು. ಗಾಲ್ಫ್ ಚೀಲದ ಜಾಗದಲ್ಲಿ ಸಾಮಾನು ಹಿಡಿಯಲಿಲ್ಲ. ಅದನ್ನು ಹೇರಿಕೊಂಡು ನಾನು ಹಿಂದೆ ಹೊರಟೆ. ಕೆಟ್ಟು ನಿಂತರೆ ನಾನೊಬ್ಬನೇ ತಾನೆ ಬೇಯುವುದು. ಲಾಸ್ ಏಂಜಲೀಸಿಗೆ ಮುಂಚಿನ ಆ ಉದ್ದನೆಯ ಏರಿನಲ್ಲಿ, ಏಸಿ ಜೋರಾಗಿ ಓಡುತ್ತಿದ್ದರೂ ಮುಳ್ಳು ಕೂದಲೆಳೆಯಷ್ಟೂ ಕದಲಲಿಲ್ಲ. ನೋಡು ಎಂದು ಪಕ್ಕಕ್ಕೆ ತಿರುಗಿದೆ. ಮಗಳ ಸೀಟಿನಲ್ಲಿ ಅವಳ ರೈಸ್ ಕುಕ್ಕರು ಬೆಲ್ಟ್ ಹಾಕಿಕೊಂಡು ಕೂತಿತ್ತು.