ಗಲ್ಲಿ ಖಾಲಿಯಾಗಿದ್ದ ಭಾನುವಾರ

ಅದು ೨೦೦೪. ಬೀದರಿನವನಾದ ನಾನು ಹೈದರಾಬಾದಿನ ಕಾಚಿಗೂಡ ಕಡೆಯ ಒಂದು ವಾರ್ಡ್ ಕಚೇರಿಯಲ್ಲಿ ಅಧಿಕಾರಿಯಾಗಿದ್ದೆ. ನಗರದ ಪಶ್ಚಿಮಕ್ಕೆ ಒಂದರ ಹಿಂದೊಂದು ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದವು. ಅಲ್ಲಿ ಕೆಲಸಕ್ಕೆ ಬಂದವರಿಗೆ ಹಳೆಯ ಊರು ನೋಡುವ ಆಸೆ. ನಮ್ಮ ವಾರ್ಡಿನಲ್ಲಿ ನಿಜಾಮರ ಕಾಲದ ಮೆಟ್ಟಿಲು ಬಾವಿಯೊಂದಿತ್ತು. ಅದರ ಹೂಳನ್ನು ಆಗಷ್ಟೇ ಎತ್ತಿಸಿದ್ದೆವು. ಭಾನುವಾರ ಬೆಳಿಗ್ಗೆ ‘ಹೆರಿಟೇಜ್ ವಾಕ್’, ಅಂದರೆ ಹಳೆಯ ಕಟ್ಟಡಗಳನ್ನು ನಡೆದು ನೋಡುವ ಪ್ರವಾಸ, ಏರ್ಪಡಿಸಲು ಡೆಪ್ಯುಟಿ ಕಮಿಷನರ್ ಮೇಡಂ ಒಪ್ಪಿದರು. ಎಲ್ಲವನ್ನೂ ಹೊಂದಿಸುವ ಹೊಣೆ ನನ್ನ ಹೆಗಲಿಗೆ ಬಿತ್ತು.

ನಾನು ಎದೆಯುಬ್ಬಿಸಿಕೊಂಡೇ ಕೆಲಸಕ್ಕಿಳಿದೆ. ಕಸದವರು, ದೀಪದವರು, ರಸ್ತೆಯವರು, ಎಲ್ಲ ವಿಭಾಗಗಳನ್ನೂ ಸಭೆಗೆ ಕರೆದೆ. ಬಾವಿಯಿದ್ದ ಗಲ್ಲಿಯವರನ್ನು ಮಾತ್ರ ಕರೆಯಲಿಲ್ಲ; ಅದು ಹೊಳೆಯಲೇ ಇಲ್ಲ. ದೊಡ್ಡವರು ಬರುವ ಮುನ್ನ ರಸ್ತೆ ಖಾಲಿ ಮಾಡಿಸುವುದು ನಮ್ಮ ಕಚೇರಿಯವರ ಹಳೆಯ ಚಾಳಿ. ಶನಿವಾರ ನಾನೂ ಗಲ್ಲಿಯ ತಳ್ಳುಬಂಡಿಗಳನ್ನೆಲ್ಲ ಎಬ್ಬಿಸಲು ಸಹಿ ಹಾಕಿದೆ. ಬಾವಿಯ ಎದುರು ಜೋಳದ ರೊಟ್ಟಿ ಮಾರುತ್ತಿದ್ದ ಯಾದಗಿರಿ ಕಡೆಯ ಶರಣಮ್ಮನವರ ಬಂಡಿಯೂ ಹೋಯಿತು. ಆ ಜಾಗ ಹೋದರೆ ಅವರ ಹೊಟ್ಟೆಪಾಡೇ ಹೋದಂತೆ.

ಭಾನುವಾರ ಏಳಕ್ಕೆ ಬಸ್ಸು ಬಂತು. ಗಲ್ಲಿ ಕರ್ಫ್ಯೂ ಹಾಕಿದಂತೆ ಬಿಕೋ ಎನ್ನುತ್ತಿತ್ತು. ಬಂದವರು ಬಾವಿ ನೋಡಿದರು, ಫೋಟೊ ತೆಗೆದರು. ಹತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ಚಹಾ ಎಲ್ಲಿ ಸಿಗುತ್ತದೆ ಎಂದು ಒಬ್ಬರು ಕೇಳಿದರು. ಚಹಾದವನನ್ನೂ ನಾನೇ ಓಡಿಸಿದ್ದೆ. ಮೇಡಂ ನನ್ನತ್ತ ತಿರುಗಿ ನೋಡಿದರು. ನಾಚಿಕೆಯಿಂದ ನೀರಾದೆ.

ಹಿಂದಿನ ಓಣಿಗೆ ಓಡಿದೆ. ಶರಣಮ್ಮ ಮನೆ ಮುಂದೆ ಬಂಡಿ ನಿಲ್ಲಿಸಿಕೊಂಡು ಕೂತಿದ್ದರು.

“ತಪ್ಪಾಗೇತ್ರಿ ಶರಣಮ್ಮ. ಬಂಡಿ ತಗೊಂಡು ಬರ್ರಿ,” ಎಂದೆ.

“ಎಬ್ಬಿಸಿದವ್ರು ನೀವ ಅದೀರಿ, ಸಾಹೇಬ್ರ. ನೀವ ದೂಡ್ಕೊಂಡು ಹೋಗ್ರಿ. ನಾಳಿ ಮತ್ತ ಎಬ್ಬಸ್ತೀರೇನು?”

“ಇಲ್ರಿ. ಬರದು ಕೊಡ್ತೀನಿ.”

ಇಸ್ತ್ರಿ ಮಾಡಿದ ಅಂಗಿಯಲ್ಲೇ ಬಂಡಿ ದೂಡಿದೆ. ಗಲ್ಲಿಗೆ ಗಲ್ಲಿಯೇ ನಕ್ಕಿತು. ನಗುತ್ತಲೇ ಉಳಿದವರೂ ಬಂಡಿ ಹೊರತಂದರು. ರೊಟ್ಟಿ ಬಡಿಯುವ ಸದ್ದು ಕೇಳಿ, ಬಸ್ಸು ಹತ್ತುತ್ತಿದ್ದವರು ಇಳಿದು ಬಂದರು. ಬಾವಿ ಎಷ್ಟು ಆಳ ಎಂದು ಯಾರೋ ಕೇಳಿದರು. ನಮ್ಮ ಗೈಡ್ ಕಾಗದ ಹುಡುಕುವಷ್ಟರಲ್ಲಿ ಶರಣಮ್ಮ ಹಿಂದಿಯಲ್ಲಿ ಶುರು ಹಚ್ಚಿಕೊಂಡಿದ್ದರು. ಹೂಳೆತ್ತಿದ ಕೂಲಿಯವರಲ್ಲಿ ಅವರೂ ಒಬ್ಬರೆಂಬುದು ನನಗೆ ಗೊತ್ತಾದದ್ದೇ ಆಗ. ನೀರಿನಡಿ ಇನ್ನೂ ಹನ್ನೊಂದು ಮೆಟ್ಟಿಲಿವೆ, ಬಿಂದಿಗೆ ಇಟ್ಟಿಟ್ಟು ಏಳನೆಯದರಲ್ಲಿ ಗುಂಡಿ ಬಿದ್ದಿದೆ ಎಂದು ಅವರು ಹೇಳುತ್ತಿದ್ದರೆ ಜನ ರೊಟ್ಟಿ ಹಿಡಿದುಕೊಂಡೇ ಬಾವಿಗೆ ಬಗ್ಗಿದರು. ಮೇಡಂ ಶೇಂಗಾ ಚಟ್ನಿಯ ಜೊತೆ ಮೂರು ರೊಟ್ಟಿ ತಿಂದರು. ನನಗೆ ಕುಣಿಯುವಷ್ಟು ಖುಷಿ.

ಮರುದಿನ ಆ ಜಾಗ ಶರಣಮ್ಮನವರಿಗೇ ಎಂಬ ಆದೇಶಕ್ಕೆ ಮೇಡಂ ಸಹಿ ಹಾಕಿದರು. ಮುಂದಿನ ವಾಕ್‌ನ ಸಭೆಯನ್ನು ಬಾವಿಯ ಮೆಟ್ಟಿಲ ಮೇಲೆಯೇ ನಡೆಸಿದೆ. ನಾನು ಅಜೆಂಡಾ ತೆಗೆಯುವ ಮೊದಲೇ ಶರಣಮ್ಮ, “ಮಂದಿ ಎಷ್ಟ್ ಬರ್ತಾರ ಹೇಳ್ರಿ, ಹಿಟ್ಟು ಬೀಸಿಸ್ಬೇಕು,” ಎಂದರು. ನನ್ನ ಅಜೆಂಡಾದಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಊರು ತೋರಿಸಲು ಹೊರಟ ಅಧಿಕಾರಿ ಮೊದಲು ಅಲ್ಲಿ ಬಾಳುವವರನ್ನು ಕೇಳಬೇಕೆಂಬುದನ್ನು ಯಾವ ತರಬೇತಿಯೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನು ಅದನ್ನು ಬಂಡಿ ದೂಡಿ ಕಲಿತೆ.